ಅಟ್ಟದ ಪಾತ್ರೆ, ಒಲೆಯ ಪಾತ್ರೆ

— ಅಜ್ಜಿ ಕಾಲದ ಹಿತ್ತಾಳೆ, ತಾಮ್ರ, ಕಂಚು, ಕಲ್ಲಿನ ಪಾತ್ರೆಗಳನ್ನು ಅಟ್ಟದಿಂದ ಇಳಿಸಿ ದಿನದ ಅಡುಗೆಗೆ ಬಳಸಬೇಕು ಅನ್ನುವ ಮಾತು ಈಗ ಎಲ್ಲ ಕಡೆ ಕೇಳುತ್ತಿದೆ. ನೀನೂ ಅದನ್ನೇ ಹೇಳುತ್ತಿದ್ದೀಯ. ನನಗೆ ಒಪ್ಪುವುದು ಕಷ್ಟ ಮಾರಾಯ. ಆ ಪಾತ್ರೆಗಳನ್ನು ಅಟ್ಟಕ್ಕೆ ಹಾಕಿದವರು ಯಾರು ಅಂತ ಒಮ್ಮೆ ಯೋಚಿಸು. ದಿನಕ್ಕೆ ಎರಡು ಹೊತ್ತು ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಿಡಿದು ಅವುಗಳನ್ನು ತಿಕ್ಕುತ್ತಿದ್ದ ಹೆಂಗಸರೇ ಹಾಕಿದ್ದು. ಒಳಗೆ ಕಿಲುಬು, ಹೊರಗೆ ಮಸಿ. ಬಾವಿಕಟ್ಟೆಯ ಹತ್ತಿರ ಕೂತು ಎರಡನ್ನೂ ತೆಗೆಯಬೇಕು. ತುಂಬಿದ ಕೊಳದಪ್ಪಲೆ ಎತ್ತುವುದಕ್ಕೆ ಸೊಂಟ ಗಟ್ಟಿ ಇರಬೇಕು. ಸ್ಟೀಲ್ ಪಾತ್ರೆ ಬಂದಾಗ ಆ ಹೆಂಗಸರಿಗೆ ಸಿಕ್ಕ ಬಿಡುಗಡೆ ಸಣ್ಣದಲ್ಲ. ಬೀದಿಯಲ್ಲಿ ಕೂಗುತ್ತ ಬರುವವನಿಗೆ ಹಳೇ ಹಿತ್ತಾಳೆ ತೂಕಕ್ಕೆ ಕೊಟ್ಟು ಹೊಸ ಸ್ಟೀಲ್ ಡಬ್ಬ ತೆಗೆದುಕೊಂಡವರನ್ನು ಪರಂಪರೆಯ ಬೆಲೆ ಗೊತ್ತಿಲ್ಲದವರು ಅಂತ ಈಗ ಬೈಯುವುದು ಸುಲಭ. ಅವರಿಗೆ ಬೆಲೆ ಚೆನ್ನಾಗಿ ಗೊತ್ತಿತ್ತು. ಅದನ್ನು ತಮ್ಮ ಮೈಯಿಂದಲೇ ಕೊಟ್ಟಿದ್ದರು.

— ದೊಡ್ಡಮ್ಮ, ಈ ಮಾತನ್ನು ಪೂರ್ತಿ ಒಪ್ಪಿಕೊಂಡೇ ಶುರುಮಾಡುತ್ತೇನೆ. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ ಬಂದೂಕಿನ ನಳಿಗೆ ಬೇಗ ಸವೆಯದಂಥ ಉಕ್ಕನ್ನು ಹುಡುಕುತ್ತಿದ್ದರು. ಆಗ ಸಿಕ್ಕ ಕ್ರೋಮಿಯಂ ಬೆರೆತ ಉಕ್ಕು ತುಕ್ಕು ಹಿಡಿಯಲಿಲ್ಲ, ಹುಳಿಗೂ ಜಗ್ಗಲಿಲ್ಲ. ಆ ಲೋಹ ನಮ್ಮ ಅಡುಗೆಮನೆ ಸೇರಿದ ಮೇಲೆ ಸಾರು, ಮಜ್ಜಿಗೆ, ಗೊಜ್ಜು ಎಲ್ಲವನ್ನೂ ಒಂದೇ ಬಗೆಯ ಪಾತ್ರೆಯಲ್ಲಿ ಮಾಡಿ, ಅದರಲ್ಲೇ ಇಟ್ಟು, ಒಂದೇ ಸೋಪಿನಲ್ಲಿ ತೊಳೆಯಬಹುದಾಯಿತು. ಹಾಗಾಗಿ ಹಳೆಯದು ಸ್ಟೀಲಿಗಿಂತ ಶ್ರೇಷ್ಠ ಅಂತ ನಾನು ವಾದಿಸುವುದಿಲ್ಲ. ನಾನು ಹೇಳುವುದು ಬೇರೆ. ಹಿರಿಯರಿಂದ ಬಂದ ಪಾತ್ರೆ ಆಸ್ತಿಯ ಅರ್ಧ ಭಾಗ ಮಾತ್ರ. ಅದರಲ್ಲಿ ಏನು ಬೇಯಿಸಬೇಕು, ಏನು ಇಡಬಾರದು, ಎಷ್ಟು ಉರಿ ಕೊಡಬೇಕು, ಯಾವಾಗ ದುರಸ್ತಿ ಮಾಡಿಸಬೇಕು ಅನ್ನುವ ತಿಳಿವಳಿಕೆ ಉಳಿದರ್ಧ. ಮೊದಲ ಅರ್ಧವನ್ನು ಗಾಜಿನ ಬೀರುವಿನಲ್ಲಿಟ್ಟು ನೂರು ವರ್ಷ ಕಾಯಬಹುದು. ಎರಡನೆಯ ಅರ್ಧ ಬಳಸುವ ಕೈಯಲ್ಲಿ ಮಾತ್ರ ಉಳಿಯುತ್ತದೆ. ಬಳಕೆ ನಿಂತು ಎರಡು ತಲೆಮಾರು ಕಳೆದರೆ ಪಾತ್ರೆ ಇದ್ದಲ್ಲೇ ಇರುತ್ತದೆ, ಅದನ್ನು ಬಲ್ಲವರು ಇರುವುದಿಲ್ಲ.

ಕಲಾಯಿಯನ್ನೇ ತೆಗೆದುಕೊಳ್ಳಿ. ಹಿತ್ತಾಳೆ ಅಂದರೆ ತಾಮ್ರ ಮತ್ತು ಸತು. ಹುಳಿ, ಉಪ್ಪು ತಾಕಿದರೆ ತಾಮ್ರ ಕರಗಿ ಅಡುಗೆಗೆ ಬರುತ್ತದೆ, ಬಾಯಿ ಒಗರಾಗುತ್ತದೆ, ಹೆಚ್ಚಾದರೆ ಹೊಟ್ಟೆ ತೊಳೆಸಿ ವಾಂತಿಯಾಗುತ್ತದೆ. ಅದಕ್ಕೇ ಒಳಮೈಗೆ ತವರದ ಹೊದಿಕೆ ಕೊಡುತ್ತಿದ್ದರು. ಕಲಾಯಿಯವನು ನೆಲದಲ್ಲಿ ಗುಂಡಿ ತೋಡಿ ಇದ್ದಿಲು ಹಾಕಿ ತಿದಿ ಒತ್ತುತ್ತಿದ್ದ. ಪಾತ್ರೆ ಚೆನ್ನಾಗಿ ಕಾದ ಮೇಲೆ ನವಸಾಗರದ ಪುಡಿ ಎರಚುತ್ತಿದ್ದ. ಬಿಳಿ ಹೊಗೆ ಎದ್ದು, ಲೋಹದ ಮೇಲಿನ ಕೊಳೆ ಬಿಟ್ಟು, ಮೈ ತಿಳಿಯಾಗುತ್ತಿತ್ತು. ಆಗ ತವರದ ಕಡ್ಡಿಯನ್ನು ಮುಟ್ಟಿಸಿ, ಅದು ಕರಗಿ ಹರಿಯುವಷ್ಟರಲ್ಲಿ ಹತ್ತಿಯಿಂದ ಒಂದೇ ಸಮನೆ ಸುತ್ತ ಒರೆಸಬೇಕು. ಕಣ್ಣಳತೆ, ಕೈಚಳಕ ಎರಡೂ ಬೇಕಾದ ಕೆಲಸ. ಎಲ್ಲ ಮುಗಿಯುವುದು ಕೆಲವೇ ನಿಮಿಷದಲ್ಲಿ. ಮನೆಗಳು ಪಾತ್ರೆಯನ್ನು ಅಟ್ಟಕ್ಕೆ ಹಾಕಿದ ಮೇಲೆ ಅವನ ಕೆಲಸ ಹೋಯಿತು, ಅವನ ಮಕ್ಕಳು ಬೇರೆ ದಾರಿ ಹಿಡಿದರು. ಈಗ ಯಾರಿಗಾದರೂ ಪಾತ್ರೆ ಇಳಿಸುವ ಮನಸ್ಸಾದರೆ ಕಲಾಯಿ ಹಾಕುವವನು ಸುಲಭಕ್ಕೆ ಸಿಗುವುದಿಲ್ಲ. ಸಿಗದ್ದರಿಂದ ಪಾತ್ರೆ ಮತ್ತೆ ಅಟ್ಟಕ್ಕೆ ಹೋಗುತ್ತದೆ. ಪಂಜಾಬಿನ ಜಂಡಿಯಾಲಾ ಗುರುವಿನ ಠಠೇರರು ತಾಮ್ರ, ಹಿತ್ತಾಳೆಯ ಪಾತ್ರೆ ಬಡಿದು ಮಾಡುವ ಕಸುಬನ್ನು ಯುನೆಸ್ಕೊ 2014ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು. ಒಳ್ಳೆಯದೇ. ಆದರೆ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಕಸುಬು ನಡೆಯುವುದಿಲ್ಲ. ವರ್ಷಕ್ಕೊಮ್ಮೆಯಾದರೂ ತನ್ನ ಪಾತ್ರೆ ಹೊತ್ತು ತರುವ ಮನೆ ಇದ್ದರೆ ನಡೆಯುತ್ತದೆ.

— ಅಷ್ಟು ಅಪಾಯ ಇರುವ ಪಾತ್ರೆಯನ್ನು ಮಕ್ಕಳಿರುವ ಮನೆಯಲ್ಲಿ ದಿನಾ ಬಳಸಿ ಅಂತ ಹೇಗೆ ಹೇಳುತ್ತೀ? ಹಿಂದೆ ಕಿಲುಬು ಹಿಡಿದ ಪಾತ್ರೆಯಲ್ಲಿ ಹುಳಿ ಮಾಡಿ ಮನೆಮಂದಿಯೆಲ್ಲ ಮಲಗಿದ ಕತೆಗಳು ಊರೂರಲ್ಲಿ ಇದ್ದವು. ಈಗಿನವರು ಚಂದ ಕಾಣುತ್ತದೆ ಅಂತ ತಾಮ್ರದ ಲೋಟದಲ್ಲಿ ನಿಂಬೆ ಪಾನಕ ಕೊಡುವುದನ್ನು ನೋಡಿದರೆ ಭಯವಾಗುತ್ತದೆ.

— ಭಯಪಡಬೇಕಾದ ವಿಷಯವೇ. ನಮ್ಮ ಕಾನೂನೂ ಇದನ್ನು ಕಂಡಿದೆ. ಆಹಾರ ಕಲಬೆರಕೆ ತಡೆಯುವ 1955ರ ನಿಯಮಗಳಲ್ಲಿ, ಸರಿಯಾಗಿ ಕಲಾಯಿ ಇಲ್ಲದ ತಾಮ್ರ, ಹಿತ್ತಾಳೆ ಪಾತ್ರೆಯಲ್ಲಿ ಮಾಡಿದ, ಇಟ್ಟ ಆಹಾರ ತಿನ್ನಲು ಯೋಗ್ಯವಲ್ಲ ಅಂತ ಬರೆದಿದ್ದರು. ಕುಡಿಯುವ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಮಿಗಿಂತ ಹೆಚ್ಚು ತಾಮ್ರ ಇರಬಾರದು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ತಾಮ್ರದ ಚೊಂಬಿನ ನೀರು ಎಲ್ಲ ರೋಗಕ್ಕೂ ಮದ್ದು ಅಂತ ಮಾರುವವರ ಮಾತನ್ನು ನಾನು ಬಳಸುವುದಿಲ್ಲ. ಹಳೆಯ ಪಾತ್ರೆಯ ಪರವಾಗಿ ಸುಳ್ಳು ಹೇಳಿದರೆ ಪಾತ್ರೆಗೂ ಅವಮಾನ. ಇನ್ನೊಂದು ಅಪಾಯವನ್ನೂ ನಾನೇ ಹೇಳುತ್ತೇನೆ. ಹಳೆಯ ಬೆಸುಗೆಯಲ್ಲಿ, ಕಲಬೆರಕೆ ತವರದ ಕಲಾಯಿಯಲ್ಲಿ, ಕೆಲವು ಮಣ್ಣಿನ ಜಾಡಿಗಳ ಹೊಳಪಿನಲ್ಲಿ ಸೀಸ ಇರಬಹುದು. ತಾಮ್ರದ ಹಾಗೆ ಅದು ವಾಂತಿ ಮಾಡಿಸಿ ಎಚ್ಚರಿಸುವುದಿಲ್ಲ, ಸುಮ್ಮನೆ ಮೈಗೆ ಸೇರುತ್ತದೆ, ಮಕ್ಕಳ ಮಿದುಳಿಗೆ ಪೆಟ್ಟು ಕೊಡುತ್ತದೆ. ಬೆಸುಗೆ ಹಾಕಿ ಮುಚ್ಚಿದ ತೂತು ಇರುವ ಪಾತ್ರೆಯಲ್ಲಿ, ಮೂಲ ಗೊತ್ತಿಲ್ಲದ ಬಣ್ಣದ ಜಾಡಿಯಲ್ಲಿ ಊಟದ ಪದಾರ್ಥ ಹಾಕಲೇಬಾರದು. ಅವು ಕಾಳು ತುಂಬುವುದಕ್ಕೂ ಬೇಡ, ಹೂವಿಗೆ ಸಾಕು.

ಇಷ್ಟೆಲ್ಲ ಹೇಳಿದ ಮೇಲೂ ನನ್ನ ವಾದ ಬೀಳುವುದಿಲ್ಲ, ಗಟ್ಟಿಯಾಗುತ್ತದೆ. ತಾಮ್ರದ ಲೋಟದಲ್ಲಿ ಪಾನಕ ಕೊಡುವವರು ಹಳೆಯ ಪಾತ್ರೆ ಬಳಸಿದ್ದು ತಪ್ಪಲ್ಲ. ಪಾತ್ರೆ ಮಾತ್ರ ಅವರ ಕೈಗೆ ಬಂದಿತು, ಜತೆಗಿರಬೇಕಾದ ತಿಳಿವಳಿಕೆ ದಾರಿಯಲ್ಲಿ ಕಳೆದುಹೋಯಿತು. ಇನ್ನು ಎಲ್ಲ ಹಳೆಯ ಪಾತ್ರೆಗೂ ಈ ತೊಂದರೆ ಇಲ್ಲ. ಕಲ್ಲು ಮತ್ತು ಕಬ್ಬಿಣದ ಲೆಕ್ಕ ಬೇರೆ.

— ಕಲ್ಲಿನ ಪಾತ್ರೆ ಹೇಗೆ ಬಳಸುತ್ತಾರೆ ಅಂತ ನಿನಗೆ ಗೊತ್ತೇ? ಅಂಗಡಿಯಿಂದ ತಂದ ದಿನವೇ ಒಲೆಗೆ ಇಟ್ಟರೆ ಸೀಳಿಬಿಡುತ್ತದೆ. ಮೊದಲು ಎಣ್ಣೆ ಹಚ್ಚಿ ಇಡಬೇಕು, ದಿನಗಟ್ಟಲೆ ಅಕ್ಕಿ ತೊಳೆದ ನೀರು, ಗಂಜಿತಿಳಿ ತುಂಬಿಡಬೇಕು, ಆಮೇಲೆ ಸಣ್ಣ ಉರಿಯಲ್ಲಿ ಪಳಗಿಸಬೇಕು. ಕಾದ ಪಾತ್ರೆಗೆ ತಣ್ಣೀರು ಸುರಿಯಬಾರದು. ಬೇಳೆ ಮುಕ್ಕಾಲು ಬೆಂದಾಗಲೇ ಉರಿ ಆರಿಸಬೇಕು, ಮಿಕ್ಕದ್ದನ್ನು ಕಲ್ಲಿನ ಬಿಸಿಯೇ ಬೇಯಿಸುತ್ತದೆ. ಹುಳಿಯ ಭಯ ಅದಕ್ಕಿಲ್ಲ. ಮಲೆನಾಡಿನ ಮನೆಗಳಲ್ಲಿ ತಂಬುಳಿ, ಗೊಜ್ಜು ಕಲ್ಲುಮರಿಗೆಗೆ ಹೋಗುತ್ತಿದ್ದದ್ದು ಅದಕ್ಕೇ. ಹಿತ್ತಾಳೆ ಪಾತ್ರೆಗೆ ಹಾಗಲ್ಲ. ಕಲಾಯಿ ಇದ್ದರೂ ಅದರಲ್ಲಿ ಒಗ್ಗರಣೆ ಹಾಕಬಾರದು. ನೀರಿಲ್ಲದೆ ಕಾಯಿಸಿದರೆ ತವರ ಕರಗಿ ತಳಕ್ಕೆ ಇಳಿಯುತ್ತದೆ. ಒಗ್ಗರಣೆಗೆ ಕಬ್ಬಿಣದ ಸೌಟು ಬೇರೆಯೇ ಇರುತ್ತಿತ್ತು. ಕಂಚಿನ ಬಟ್ಟಲು ಕೈತಪ್ಪಿ ಬಿದ್ದರೆ ಹಿತ್ತಾಳೆಯ ಹಾಗೆ ತಗ್ಗುಬೀಳುವುದಿಲ್ಲ, ಒಡೆದೇ ಹೋಗುತ್ತದೆ.

— ನೋಡಿ ದೊಡ್ಡಮ್ಮ, ಈಗ ನೀವು ಹೇಳಿದ ಒಂದು ಮಾತೂ ಯಾವ ಪಾತ್ರೆಯ ಮೈಮೇಲೂ ಬರೆದಿಲ್ಲ. ಆದರೆ ಪ್ರತಿಯೊಂದರ ಹಿಂದೆಯೂ ಗಟ್ಟಿಯಾದ ಕಾರಣ ಇದೆ. ತವರ 232 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ನೀರಿರುವ ತನಕ ಪಾತ್ರೆಯ ತಳ ಅಷ್ಟು ಕಾಯುವುದಿಲ್ಲ, ಬರಿದಾದರೆ ಗ್ಯಾಸ್ ಒಲೆಯ ಮೇಲೆ ಬೇಗ ಆ ಬಿಸಿ ಮುಟ್ಟುತ್ತದೆ. ಕಂಚಿನಲ್ಲಿ ತಾಮ್ರದ ಜತೆ ಸತುವಿನ ಬದಲು ತವರ ಇದೆ. ಊಟದ ಬಟ್ಟಲಿನ ಕಂಚಿನಲ್ಲಿ ತವರವೇ ಐದರಲ್ಲೊಂದು ಪಾಲಿಗಿಂತ ಹೆಚ್ಚು ಇರುವುದುಂಟು. ಗಂಟೆಯಂಥ ನಾದ ಬರುವುದೂ, ಬಿದ್ದರೆ ಒಡೆಯುವುದೂ ಅದರಿಂದಲೇ. ಪಾತ್ರೆಗೆ ಬಳಸುವ ಬಳಪದ ಕಲ್ಲು ಮೆದು. ಉಳಿಗೆ ಸುಲಭವಾಗಿ ಬಗ್ಗುತ್ತದೆ, ಬಿಸಿಯನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಬೇಲೂರು, ಹಳೇಬೀಡಿನ ಶಿಲ್ಪಿಗಳು ಅಷ್ಟು ಸೂಕ್ಷ್ಮ ಕೆತ್ತನೆಗೆ ಆರಿಸಿಕೊಂಡದ್ದೂ ಇದೇ ಜಾತಿಯ ಮೆದು ಕಲ್ಲನ್ನು. ಈ ಕಾರಣಗಳನ್ನು ಪುಸ್ತಕದಲ್ಲಿ ಓದಬಹುದು. ಬೇಳೆ ಮುಕ್ಕಾಲು ಬೆಂದದ್ದು ಯಾವಾಗ ಅನ್ನುವುದು ಮಾತ್ರ ಒಲೆಯ ಮುಂದೆ ನಿಂತೇ ಗೊತ್ತಾಗಬೇಕು.

ಕಬ್ಬಿಣದ ಕಾವಲಿ ನನ್ನ ವಾದಕ್ಕೆ ಇನ್ನೂ ಹತ್ತಿರದ ಸಾಕ್ಷಿ. ದೋಸೆ ಹುಯ್ದು ಹುಯ್ದು ಎಣ್ಣೆ ಕಾದು ಗಟ್ಟಿಯಾಗಿ ಅದರ ಮೇಲೆ ಕಪ್ಪು ಪೊರೆ ಕಟ್ಟುತ್ತದೆ. ಆ ಪೊರೆಯೇ ದೋಸೆಯನ್ನು ಅಂಟದಂತೆ ಏಳಿಸುತ್ತದೆ. ನಾನ್‌ಸ್ಟಿಕ್ ಹೆಂಚಿನ ಲೇಪ ಬಳಸಿದಷ್ಟೂ ಸವೆಯುತ್ತದೆ, ಕಾವಲಿ ಬಳಸಿದಷ್ಟೂ ಹದವಾಗುತ್ತದೆ. ಕಾವಲಿಯನ್ನು ಜೋಪಾನ ಮಾಡುತ್ತೇನೆ ಅಂತ ಆರು ತಿಂಗಳು ಮೂಲೆಯಲ್ಲಿಟ್ಟರೆ ತುಕ್ಕು ಹಿಡಿಯುತ್ತದೆ, ಅಷ್ಟು ವರ್ಷದ ಪೊರೆ ಹಾಳಾಗುತ್ತದೆ. ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದ ಅಡುಗೆಗೆ, ಅದರಲ್ಲೂ ಹುಳಿ ಮತ್ತು ನೀರಿನಂಶ ಇರುವುದಕ್ಕೆ, ಕಬ್ಬಿಣದ ಅಂಶ ಸೇರುತ್ತದೆ ಅಂತ ಅಳೆದು ತೋರಿಸಿದ್ದಾರೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57ರಷ್ಟು ಜನರಿಗೆ ರಕ್ತಹೀನತೆ ಕಂಡಿತು. ಒಂದು ಬಾಣಲೆ ಅದನ್ನು ವಾಸಿಮಾಡುತ್ತದೆ ಅನ್ನುವಂತಿಲ್ಲ, ಅದಕ್ಕೆ ಊಟ, ಔಷಧ ಎರಡೂ ಬೇಕು. ಆದರೂ ಮನೆಯಲ್ಲೇ ಇರುವ ಬಾಣಲೆಯನ್ನು ಬಿಟ್ಟು ಲೇಪದ ಹೆಂಚು ಕೊಳ್ಳುವುದಕ್ಕೆ ಕಾರಣ ನನಗೆ ಕಾಣುವುದಿಲ್ಲ.

— ಕಾವಲಿಯ ಮಾತು ಒಪ್ಪಿದೆ. ಬೆಲೆಬಾಳುವುದು ಹಾಳಾದರೆ ಏನು ಮಾಡುತ್ತೀ? ನೂರು ವರ್ಷದ ಕಲ್ಲುಮರಿಗೆ ಒಂದು ದಿನ ಸಿಂಕಿಗೆ ತಾಗಿ ಒಡೆದರೆ ಮತ್ತೆ ಬರುವುದಿಲ್ಲ. ಮೈಸೂರಿನ ಜಾನಪದ ವಸ್ತು ಸಂಗ್ರಹಾಲಯಕ್ಕೋ, ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೋ ಕೊಟ್ಟರೆ ಜೋಪಾನವಾಗಿ ಇರುತ್ತದಲ್ಲ.

— ಅಪರೂಪದ್ದನ್ನು ಕೊಡಬೇಕು, ಕೊಟ್ಟವರನ್ನು ನೆನೆಯಬೇಕು. ಅಹಮದಾಬಾದಿನಲ್ಲಿ ಪಾತ್ರೆಗಳಿಗೇ ಒಂದು ವಸ್ತುಸಂಗ್ರಹಾಲಯ ಇದೆ. ಅಂಥ ಜಾಗಗಳು ಇಲ್ಲದಿದ್ದರೆ ಎಷ್ಟೋ ಆಕಾರಗಳನ್ನು ನಾವು ಕಾಣುತ್ತಲೇ ಇರಲಿಲ್ಲ. ಆದರೆ ಪ್ರತಿ ಮನೆಯ ಪ್ರತಿ ತಪ್ಪಲೆಗೂ ಅಲ್ಲಿ ಜಾಗ ಇಲ್ಲ, ಇರಬೇಕಾಗಿಯೂ ಇಲ್ಲ. ಒಡೆಯುವ ಭಯದ ಬಗ್ಗೆ ಹೇಳುವುದಾದರೆ, ಪಾತ್ರೆ ಮಾಡಿದವನೇ ಅದು ಸವೆಯುತ್ತದೆ ಅಂತ ತಿಳಿದು ಮಾಡಿದ. ಕಲಾಯಿ ಸವೆಯುವುದು ಗೊತ್ತಿದ್ದರಿಂದಲೇ ಕಲಾಯಿಯವನು ಇದ್ದ. ಐವತ್ತು ವರ್ಷ ಊಟ ಕೊಟ್ಟು ಒಡೆದ ಪಾತ್ರೆ ನಷ್ಟವೇ ಹೌದು. ಐವತ್ತು ವರ್ಷ ಯಾರಿಗೂ ಊಟ ಕೊಡದೆ ಪೂರ್ತಿಯಾಗಿ ಉಳಿದದ್ದು ಅದಕ್ಕಿಂತ ದೊಡ್ಡ ನಷ್ಟ ಅಂತ ನನ್ನ ಲೆಕ್ಕ. ಬಳಕೆ ನಿಂತರೆ ತಿಳಿವಳಿಕೆಯೂ ಹೋಗುತ್ತದೆ, ಅಳತೆಯ ವಿಷಯದಲ್ಲಿ ಹೀಗೇ ಆಯಿತು. ಮೆಟ್ರಿಕ್ ತೂಕ 1958ರಿಂದ ಹಂತಹಂತವಾಗಿ ಬಂದ ಮೇಲೆ ಅಂಗಡಿಯಿಂದ ಪಾವು, ಸೇರು ಹೋದವು. ಅಡುಗೆಮನೆಯ ಡಬ್ಬದಲ್ಲಿ ಪಾವು ಉಳಿದಿರುವ ಕಡೆ ಮಾತ್ರ ಇಷ್ಟು ಪಾವು ಅಕ್ಕಿಗೆ ಇಷ್ಟು ಜನ ಅನ್ನುವ ಲೆಕ್ಕ ಇನ್ನೂ ಬಾಯಲ್ಲಿದೆ.

— ನೀನು ಪಾತ್ರೆಯ ಬಗ್ಗೆ ಪ್ರೀತಿಯಿಂದ ಮಾತಾಡುತ್ತೀ, ಅದು ನನಗೂ ಇಷ್ಟ. ಆದರೆ ಆ ಪಾತ್ರೆಗಳಲ್ಲಿ ಪ್ರೀತಿ ಒಂದೇ ಇರಲಿಲ್ಲ. ಮದುವೆಯಲ್ಲಿ ಹೆಣ್ಣಿನ ಕಡೆಯವರು ಕೊಡಬೇಕಾದ ಪಾತ್ರೆಗಳ ಪಟ್ಟಿ ಇರುತ್ತಿತ್ತು. ಒಂದು ಹಂಡೆ ಕಡಿಮೆಯಾದದ್ದಕ್ಕೆ ಸೊಸೆ ಜನ್ಮವಿಡೀ ಮಾತು ಕೇಳಬೇಕಾಗಿತ್ತು. ಮೇಲ್ಜಾತಿ ಮನೆಗಳಲ್ಲಿ ಒಳಗಿನವರಿಗೆ ಕಂಚಿನ ಬಟ್ಟಲು, ಅದೇ ಮನೆಯ ಗದ್ದೆಯಲ್ಲಿ ದುಡಿದವರಿಗೆ ಅಂಗಳದಲ್ಲಿ ತೆಂಗಿನ ಕರಟ. ಮುಟ್ಟಾದ ಹೆಂಗಸಿಗೆ ಮೂಲೆಯಲ್ಲಿ ಬೇರೆ ತಟ್ಟೆ, ಬೇರೆ ಚೊಂಬು. ಇನ್ನು ಎಷ್ಟೋ ಮನೆಗಳಲ್ಲಿ ಮಣ್ಣಿನ ಮಡಕೆ ಬಿಟ್ಟು ಬೇರೆ ಇರಲೇ ಇಲ್ಲ. ಅವರಿಗೆ ಅಟ್ಟದಿಂದ ಇಳಿಸುವುದಕ್ಕೆ ಏನಿದೆ? ಪರಂಪರೆ ಅಂದಾಗ ಯಾರ ಪರಂಪರೆ ಅಂತ ಕೇಳಬೇಡವೇ?

— ಕೇಳಲೇಬೇಕು. ಹಳೆಯ ಪಾತ್ರೆಯ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಇದನ್ನು ದಾಟಿ ಹೋಗುತ್ತಾರೆ, ಅದು ಪ್ರಾಮಾಣಿಕತೆಯಲ್ಲ. ನನ್ನ ಉತ್ತರ ಇಷ್ಟು. ಅದೇ ಬಟ್ಟಲು ಗಾಜಿನ ಬೀರುವಿನಲ್ಲಿದ್ದರೆ ಮನೆತನದ ಹೆಮ್ಮೆಯ ಗುರುತಾಗಿ ನಿಲ್ಲುತ್ತದೆ, ಯಾರನ್ನು ಹೊರಗಿಟ್ಟಿತ್ತು ಅನ್ನುವ ಪ್ರಶ್ನೆ ಏಳುವುದೇ ಇಲ್ಲ. ದಿನದ ಊಟಕ್ಕೆ ಬಂದರೆ ಅದರಲ್ಲಿ ಯಾರು ಉಣ್ಣಬಹುದು ಅನ್ನುವುದನ್ನು ಮನೆಯವರು ಹೊಸದಾಗಿ ತೀರ್ಮಾನಿಸಬೇಕಾಗುತ್ತದೆ. ಮನೆಗೆಲಸಕ್ಕೆ ಬರುವವರಿಗೆ ಇವತ್ತಿಗೂ ಬೇರೆ ಲೋಟ ಇಡುವ ಮನೆಗಳಿವೆ. ಅಂಥ ಮನೆ ಹಳೆಯ ಬಟ್ಟಲನ್ನು ಇಳಿಸುವ ಮೊದಲು ಆ ಬೇರೆ ಲೋಟವನ್ನು ತೆಗೆಯಬೇಕು. ಇಲ್ಲದಿದ್ದರೆ ಅದು ಇಳಿಸುವುದು ಹಳೆಯ ಅನ್ಯಾಯವನ್ನೇ. ಮಡಕೆಯ ಮನೆಗಳ ಮಾತು: ಮಡಕೆ ಒಡೆದುಹೋಗಬಹುದು, ಆದರೆ ಆ ಮನೆಗಳಲ್ಲೂ ಬೀಸುವ ಕಲ್ಲು, ರೊಟ್ಟಿಯ ಹೆಂಚು, ಮುದ್ದೆ ತಿರುವುವ ಕೋಲು, ಈಳಿಗೆ ಇದ್ದವು. ಬೀಸುವಾಗ ಹಾಡಿದ ಪದಗಳೇ ಕನ್ನಡ ಜನಪದ ಸಾಹಿತ್ಯದ ದೊಡ್ಡ ಭಾಗ. ಮುದ್ದೆ ಕೋಲು ಪಾತ್ರೆ ಅಂಗಡಿಯಲ್ಲಿ ತೂಕಕ್ಕೆ ಬರುವುದಿಲ್ಲ ಅನ್ನುವುದು ಬಿಟ್ಟರೆ ಕಂಚಿನ ಬಟ್ಟಲಿಗಿಂತ ಯಾವುದರಲ್ಲಿ ಕಡಿಮೆ?

ಮದುವೆಯ ಪಟ್ಟಿಯ ಮಾತಿಗೆ ಇನ್ನೊಂದು ಮಗ್ಗುಲೂ ಇದೆ. ಪಾತ್ರೆಯ ಕಂಠದ ಮೇಲೆ ಹೆಸರು ಕೊರೆಸುವ ರೂಢಿ ಇತ್ತು. ಎಷ್ಟೋ ಹೆಂಗಸರ ಹೆಸರು ಪಹಣಿಯಲ್ಲಿ ಇರಲಿಲ್ಲ, ಮನೆಯ ಪತ್ರದಲ್ಲಿ ಇರಲಿಲ್ಲ. ತವರಿನಿಂದ ಬಂದ ಬಿಂದಿಗೆಯ ಮೇಲೆ ಮಾತ್ರ ಇತ್ತು. ಸ್ತ್ರೀಧನದಲ್ಲಿ ಪಾತ್ರೆಯೂ ಸೇರಿತ್ತು, ಕಷ್ಟ ಬಂದಾಗ ಅಡವಿಟ್ಟು ಮನೆ ನಡೆಸಿದ್ದೂ ಅದರಿಂದಲೇ. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲು ಕೊಡುವ ತಿದ್ದುಪಡಿ ಕರ್ನಾಟಕದಲ್ಲಿ ಬಂದದ್ದು 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ. ಅದಕ್ಕೆ ಮೊದಲಿನ ತಲೆಮಾರುಗಳ ಹೆಂಗಸರು ತಮ್ಮದು ಅಂತ ಕೈಯಿಟ್ಟು ತೋರಿಸಬಹುದಾಗಿದ್ದ ವಸ್ತುಗಳಲ್ಲಿ ಈ ಬಿಂದಿಗೆ ಒಂದು. ಅದನ್ನು ಗುಜರಿಗೆ ಹಾಕುವ ಮೊದಲು ಕಂಠದ ಮೇಲಿನ ಹೆಸರನ್ನಾದರೂ ಓದಬೇಕು.

— ಓದಿ ಆಯಿತು, ಕಣ್ಣು ತುಂಬಿತು. ಆಮೇಲೆ ತಿಕ್ಕುವವರು ಯಾರು? ನಾನು ಮೊದಲಿಗೆ ಕೇಳಿದ ಪ್ರಶ್ನೆ ಅದೇ. ನೀನು ಇನ್ನೂ ಉತ್ತರ ಕೊಟ್ಟಿಲ್ಲ.

— ಈ ಪ್ರಶ್ನೆಗೆ ಸರಿಯಾದ ಉತ್ತರ ಇಲ್ಲದಿದ್ದರೆ ನನ್ನ ವಾದವನ್ನು ನಾನೇ ಹಿಂತೆಗೆದುಕೊಳ್ಳುತ್ತೇನೆ. ಸರ್ಕಾರ 2019ರಲ್ಲಿ ಮಾಡಿದ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವವರಲ್ಲಿ ಹೆಂಗಸರು ದಿನಕ್ಕೆ 299 ನಿಮಿಷ ಕಳೆಯುತ್ತಿದ್ದರು, ಗಂಡಸರು 97 ನಿಮಿಷ. ಆ ಕೆಲಸಕ್ಕೆ ಕೈಹಾಕುವ ಗಂಡಸರೇ ನಾಲ್ಕರಲ್ಲಿ ಒಬ್ಬರು. ಇಂಥ ಮನೆಯಲ್ಲಿ ಹಿತ್ತಾಳೆ ಪಾತ್ರೆ ಇಳಿಸಿದರೆ ಆ 299ಕ್ಕೆ ಇನ್ನಷ್ಟು ನಿಮಿಷ ಸೇರುತ್ತದೆ, ಅಷ್ಟೇ. ಅದನ್ನು ಪರಂಪರೆಯ ರಕ್ಷಣೆ ಅಂತ ಕರೆಯುವುದು ಮೋಸ. ಹಾಗಾಗಿ ಬಳಸುವುದಕ್ಕೆ ನಾನು ಇಡುವ ಮೊದಲ ಷರತ್ತು: ಯಾರಿಗೆ ಹಳೆಯ ಪಾತ್ರೆ ಬೇಕೋ ಅವರೇ ಅದನ್ನು ತೊಳೆಯಬೇಕು, ಕಲಾಯಿಗೆ ಹೊತ್ತು ಹೋಗಬೇಕು, ಕಾವಲಿಗೆ ಎಣ್ಣೆ ಹಚ್ಚಿಡಬೇಕು. ಮನೆಯ ಗಂಡಸಿಗೆ ಆಸೆ ಇದ್ದರೆ ಗಂಡಸು. ಹಬ್ಬಕ್ಕೆ ಫೋಟೊ ತೆಗೆಯುವವರು ಒಬ್ಬರು, ಮರುದಿನ ಹುಣಸೆಹಣ್ಣು ಹಿಡಿಯುವವರು ಇನ್ನೊಬ್ಬರು ಆಗಕೂಡದು. ಇದರಿಂದ ಇನ್ನೊಂದು ಲಾಭವೂ ಇದೆ. ತೊಳೆಯುವ ಕೈಗೇ ಪಾತ್ರೆಯ ತಿಳಿವಳಿಕೆ ಬರುವುದು. ಕಲಾಯಿ ಎಲ್ಲಿ ಸವೆದಿದೆ, ಬಿರುಕು ಎಲ್ಲಿ ಕೂದಲೆಳೆಯಷ್ಟು ಕಾಣುತ್ತಿದೆ ಅನ್ನುವುದು ಉಣ್ಣುವವರಿಗೆ ಗೊತ್ತಾಗುವುದಿಲ್ಲ. ಮಗನೂ ತೊಳೆದರೆ ಆ ತಿಳಿವಳಿಕೆಗೆ ಇಬ್ಬರು ವಾರಸುದಾರರಾಗುತ್ತಾರೆ.

ಕೆಲಸವೂ ಹಿಂದಿನಷ್ಟಿಲ್ಲ. ಸೌದೆ ಒಲೆ ಹೋಗಿ ಗ್ಯಾಸ್ ಬಂದಮೇಲೆ ಹೊರಗಿನ ಮಸಿ ಇಲ್ಲ, ನಲ್ಲಿ ನೀರು ಕೈಯಳತೆಯಲ್ಲಿದೆ. ದಿನವೂ ಕನ್ನಡಿಯಂತೆ ಹೊಳೆಯಬೇಕು ಅನ್ನುವ ಹಟ ಬಿಟ್ಟರೆ ಹಿತ್ತಾಳೆಯ ಹೊರಮೈಗೆ ವಾರಕ್ಕೊಮ್ಮೆ ಹುಣಸೆ ಸಾಕು. ಹೊರಗಿನ ಕಂದು ಬಣ್ಣದಿಂದ ಊಟಕ್ಕೆ ತೊಂದರೆಯಿಲ್ಲ, ಕಣ್ಣಿಟ್ಟು ನೋಡಬೇಕಾದದ್ದು ಒಳಮೈ. ಎರಡನೆಯ ಷರತ್ತು, ಎಲ್ಲವನ್ನೂ ಇಳಿಸಬಾರದು. ಒಂದು ಕಾವಲಿ, ಒಂದು ಕಲ್ಲಿನ ಪಾತ್ರೆ, ಪಾಯಸಕ್ಕೋ ಹುಗ್ಗಿಗೋ ಒಂದು ಕಲಾಯಿ ಹಾಕಿದ ತಪ್ಪಲೆ: ನಾಲ್ಕು ಜನರ ಮನೆಗೆ ಇಷ್ಟು ಹೆಚ್ಚೇ. ಇಂಡಕ್ಷನ್ ಒಲೆ ಇರುವವರಿಗೆ ಕಬ್ಬಿಣ ಒಂದೇ ಒಗ್ಗುತ್ತದೆ. ತಾಮ್ರ, ಹಿತ್ತಾಳೆ, ಕಲ್ಲು ಅದರ ಮೇಲೆ ಕಾಯುವುದಿಲ್ಲ. ಹುಳಿಸಾರಿಗೆ ಸ್ಟೀಲ್ ಇರಲಿ, ಮಜ್ಜಿಗೆಗೂ ಇರಲಿ.

— ಒರಳುಕಲ್ಲು?

— ನೀವು ಏನು ಹೇಳುತ್ತೀರಿ?

— ಅದನ್ನು ತರಬೇಡ. ಇಡ್ಲಿ ಹಿಟ್ಟು ರುಬ್ಬುವುದಕ್ಕೆ ಗ್ರೈಂಡರ್ ಇದೆ, ಅದು ಇರಲಿ. ಬೇಕಾದರೆ ಸಣ್ಣ ಕುಟ್ಟಾಣಿ ಇಟ್ಟುಕೊ, ಶುಂಠಿ, ಮೆಣಸು ಜಜ್ಜುವುದಕ್ಕೆ ಆಗುತ್ತದೆ. ಐವತ್ತು ಜನರ ಕೊಪ್ಪರಿಗೆ, ದೊಡ್ಡ ಹಂಡೆ ಫ್ಲ್ಯಾಟಿನಲ್ಲಿ ಇಟ್ಟುಕೊಂಡು ಮಾಡುವುದೇನು? ಊರಿನ ದೇವಸ್ಥಾನಕ್ಕೋ ಸಮುದಾಯ ಭವನಕ್ಕೋ ಕೊಟ್ಟರೆ ಯಾರದಾದರೂ ಮದುವೆಯ ಅಡುಗೆಗೆ ಒಲೆ ಹತ್ತುತ್ತದೆ, ಆದರೆ ಎಲ್ಲ ಜಾತಿಯವರಿಗೂ ಕೊಡುತ್ತಾರೋ ಅಂತ ಕೇಳಿಕೊಂಡೇ ಕೊಡಬೇಕು. ಬೆಸುಗೆ ಹಾಕಿದ್ದು, ತಳ ತೆಳುವಾದದ್ದು ಗುಜರಿಗೆ ಹೋಗಲಿ. ತಾಮ್ರ ಕರಗಿ ಮತ್ತೊಂದು ಪಾತ್ರೆಯಾಗುತ್ತದೆ, ಅದರಲ್ಲಿ ಪಾಪವೇನಿಲ್ಲ. ಇನ್ನು ಕಲಾಯಿ. ತವರ ಶುದ್ಧವಿದೆಯೇ ಅಂತ ಮೊದಲು ವಿಚಾರಿಸು, ನೀನೇ ಎದುರಿಗೆ ನಿಂತು ಹಾಕಿಸು. ತಂದ ಮೇಲೆ ನೀರು ಕುದಿಸಿ ಚೆಲ್ಲು, ಮೊದಲ ಅಡುಗೆಯಾಗಿ ಅನ್ನ ಮಾಡು, ಹುಳಿ ಬೇಡ. ಸ್ಟೀಲ್ ಉಜ್ಜುವ ತಂತಿಯ ಗುಂಜು ಅದರ ಒಳಗೆ ಹಾಕಲೇಬೇಡ, ಮೆದು ನಾರಿನಲ್ಲಿ ತೊಳೆ.